ಗೊಂಪಾದ ಜಮಾ-ಖರ್ಚು

ಗದಗ ಜಿಲ್ಲೆಯ ಡಂಬಳದಲ್ಲಿ ಕ್ರಿ.ಶ. ೧೦೯೫-೯೬ರ ಒಂದು ಶಾಸನ ಸಿಕ್ಕಿದೆ. ಆ ಊರಿನ ಹದಿನಾರು ಜನ ಸೆಟ್ಟರು ಸೇರಿ ಅಲ್ಲೊಂದು ಬೌದ್ಧ ವಿಹಾರ ಕಟ್ಟಿಸಿದ್ದರೆಂದೂ, ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ, ಸೆಟ್ಟಿಯೊಬ್ಬ ಇನ್ನೊಂದನ್ನು ಕಟ್ಟಿಸಿದ್ದನೆಂದೂ, ಆ ಎರಡಕ್ಕೂ ದಾನ ಸಂದಿತೆಂದೂ ಅದರಲ್ಲಿದೆ. ಆರ್ಯತಾರಾದೇವಿಯ ಹೆಸರೂ ಇದೆ. ಇವತ್ತು ಡಂಬಳಕ್ಕೆ ಹೋದವರು ದೊಡ್ಡಬಸಪ್ಪನ ಗುಡಿ ನೋಡಿ, ಕೆರೆ ನೋಡಿ, ಬಸ್ಸು ಹತ್ತುತ್ತಾರೆ. ಸೆಟ್ಟರ ವಿಹಾರದಲ್ಲಿ ದೀಪ ಹಚ್ಚುವವರು ಯಾರೂ ಉಳಿದಿಲ್ಲ. ಬಳ್ಳಿಗಾವೆಯಲ್ಲಿ ೧೦೬೫ರಲ್ಲಿ ಕಟ್ಟಿದ ಬೌದ್ಧ ವಿಹಾರದ ಕಥೆಯೂ ಇದೇ. ಮಂಗಳೂರಿನ ಕದ್ರಿಯಲ್ಲಿ ೯೬೮ರಲ್ಲಿ ಆಳುಪ ದೊರೆ ಕುಂದವರ್ಮ ಪ್ರತಿಷ್ಠೆ ಮಾಡಿಸಿದ ಲೋಕೇಶ್ವರನ ಕಂಚಿನ ವಿಗ್ರಹ ಈಗಲೂ ಇದೆ, ಆದರೆ ಶಾಸನ ಹೇಳುವ ವಿಹಾರ ಮಂಜುನಾಥನ ದೇವಸ್ಥಾನವಾಗಿ ಶತಮಾನಗಳೇ ಆದವು.

ಕದ್ರಿಯ ಆ ಶಾಸನವಾದ ೨೮ ವರ್ಷಕ್ಕೆ, ೯೯೬ರಲ್ಲಿ, ಹಿಮಾಲಯದ ಆಚೆ ಮಗ್ಗುಲಿನ ಸ್ಪಿತಿ ಕಣಿವೆಯಲ್ಲಿ ತಾಬೋ ಎಂಬ ಹಳ್ಳಿಯಲ್ಲಿ ಒಂದು ವಿಹಾರ ಕಟ್ಟಿದರು. ಕಲ್ಲಲ್ಲ, ಬರೀ ಮಣ್ಣು. ಅದು ಇದೆ. ಈ ಹೊತ್ತಿಗೂ ಅಲ್ಲಿ ಬೆಳಗಿನ ಪೂಜೆ ನಡೆಯುತ್ತದೆ, ಭಿಕ್ಷುಗಳಿಗೆ ಚಹಾ ಬರುತ್ತದೆ. ಹಣವಂತ ಸೆಟ್ಟರಿದ್ದ, ಮಳೆ-ಬೆಳೆ ಇದ್ದ ನಮ್ಮ ನಾಡಿನಲ್ಲಿ ಹೋದದ್ದು, ವರ್ಷಕ್ಕೆ ಒಂದೇ ಬೆಳೆ ಬೆಳೆಯುವ ಆ ಬೋಳು ಬೆಟ್ಟದಲ್ಲಿ ಹೇಗೆ ಉಳಿಯಿತು? ಈ ಪ್ರಶ್ನೆಗೆ ಪಂಡಿತರು ದೊಡ್ಡ ದೊಡ್ಡ ಉತ್ತರ ಕೊಟ್ಟಿರಬಹುದು. ನಾನು ಬಿ.ಕಾಂ. ಓದುವವಳು. ನನ್ನದು ಒಂದೇ ದಾರಿ: ಖರ್ಚು ಯಾರದು ಅಂತ ಕೇಳೋದು.

ಈ ಪ್ರಶ್ನೆ ಹುಟ್ಟಿದ್ದು ಮುನಿರ್ಕಾದಲ್ಲಿ. ದಕ್ಷಿಣ ದೆಹಲಿಯ ಮುನಿರ್ಕಾದಲ್ಲಿ ನಮ್ಮ ಚಿಕ್ಕಪ್ಪನ ಮನೆಯಿದೆ. ಹೋದ ರಜೆಯಲ್ಲಿ ಅಲ್ಲಿದ್ದೆ. ಹೆಸರಿನಲ್ಲಿ ಮುನಿ ಇದ್ದರೂ ಊರಿನಲ್ಲಿ ಮೌನ ಅನ್ನುವುದಿಲ್ಲ. ಹಳೇ ಹಳ್ಳಿಯ ಗಲ್ಲಿಗಳಲ್ಲಿ ಒಂದರ ಮೇಲೊಂದು ಬಾಡಿಗೆ ಕೋಣೆಗಳು, ಪಕ್ಕದ ಜವಾಹರಲಾಲ್ ನೆಹರೂ ವಿಶ್ವವಿದ್ಯಾಲಯದ ಹುಡುಗ ಹುಡುಗಿಯರು, ಮಣಿಪುರ-ನಾಗಾಲ್ಯಾಂಡಿನವರು, ಲಡಾಖಿನವರು, ಮೋಮೋ ಅಂಗಡಿಯ ಹಬೆ. ಕನ್ನಡ ಕೇಳಬೇಕೆನ್ನಿಸಿದರೆ ದೆಹಲಿ ಕರ್ನಾಟಕ ಸಂಘ ಅಲ್ಲಿಗೆ ಹತ್ತಿರವೇ, ರಾಮಕೃಷ್ಣಪುರದಲ್ಲಿ. ಚಿಕ್ಕಪ್ಪನ ಮೇಲಿನ ಮಹಡಿಯಲ್ಲಿ ಇತಿಹಾಸದ ಸಂಶೋಧನೆ ಮಾಡುವ ಒಬ್ಬ ಅಕ್ಕ ಇದ್ದರು. ಅವರು ಏಳು ಜನರನ್ನು ಕಟ್ಟಿಕೊಂಡು ಸ್ಪಿತಿಯ ಗೊಂಪಾಗಳನ್ನು ನೋಡಲು ಹೊರಟಿದ್ದರು. ನಾನು ಎಂಟನೆಯವಳು. ಅವರ ಷರತ್ತು ಒಂದೇ: ಸುಮ್ಮನೆ ಫೋಟೋ ಹೊಡೆದುಕೊಂಡು ಬರುವ ಹಾಗಿಲ್ಲ, ಒಬ್ಬೊಬ್ಬರೂ ಒಂದೊಂದು ವಿಷಯ ಹಿಡಿದು ವಿಚಾರಿಸಬೇಕು. ಒಬ್ಬರಿಗೆ ಚಿತ್ರ, ಒಬ್ಬರಿಗೆ ವಾದ್ಯ, ಒಬ್ಬರಿಗೆ ಮಣ್ಣಿನ ಕಟ್ಟಡ. ನನ್ನ ಸರದಿ ಬಂದಾಗ ‘ನೀನು ಕಾಮರ್ಸು, ಗೊಂಪಾದ ಲೆಕ್ಕ ಬರೆದುಕೊಂಡು ಬಾ’ ಅಂದರು. ಎಲ್ಲರೂ ನಕ್ಕರು. ನಾನು ಮಾತ್ರ ಅದನ್ನು ಗಟ್ಟಿಯಾಗಿ ಹಿಡಿದುಕೊಂಡೆ.

ಹೊರಡುವ ಮುಂಚೆ ದೆಹಲಿಯಲ್ಲೇ ಎರಡು ಪಾಠ ಆದವು. ಲೋದಿ ರಸ್ತೆಯಲ್ಲಿ ದಲೈ ಲಾಮಾ ೧೯೬೫ರಲ್ಲಿ ಸ್ಥಾಪಿಸಿದ ಟಿಬೆಟ್ ಹೌಸ್ ಇದೆ. ಅಲ್ಲಿನ ಸಂಗ್ರಹಾಲಯದಲ್ಲಿ ತಂಗ್ಕಾ ಅಂದರೇನು, ಯಾವ ಮೂರ್ತಿ ಯಾರದು ಅಂತ ಗುರುತು ಹಿಡಿಯುವುದನ್ನು ಕಲಿತೆವು. ಇನ್ನೊಂದು ದಿನ ಮುನಿರ್ಕಾದಲ್ಲಿ ಮೆಟ್ರೋ ಹತ್ತಿ ಕಾಲ್ಕಾಜಿ ಕಡೆ ಹೋದೆವು. ಅಲ್ಲಿ ಈಸ್ಟ್ ಆಫ್ ಕೈಲಾಶ್ ಬಡಾವಣೆಯ ನಡುವೆ ಒಂದು ಬಂಡೆ, ಅದರ ಮೇಲೆ ಅಶೋಕನ ಶಾಸನ. ಪತ್ತೆಯಾದದ್ದು ೧೯೬೬ರಲ್ಲಿ. ತಾನು ಉಪಾಸಕನಾಗಿ ಎರಡೂವರೆ ವರ್ಷ ಆಯಿತು, ಮೊದಲು ಅಷ್ಟಾಗಿ ಪ್ರಯತ್ನ ಪಡಲಿಲ್ಲ, ಸಂಘಕ್ಕೆ ಹತ್ತಿರವಾದ ಮೇಲೆ ಪಟ್ಟೆ ಅಂತ ರಾಜ ಹೇಳಿಕೊಳ್ಳುವ ಲಘು ಶಿಲಾಶಾಸನ ಅದು. ನಮ್ಮ ಬ್ರಹ್ಮಗಿರಿಯಲ್ಲೂ, ೧೯೧೫ರಲ್ಲಿ ಸಿಕ್ಕ ಮಸ್ಕಿಯ ಬಂಡೆಯಲ್ಲೂ ಇರುವುದು ಇದೇ ಒಕ್ಕಣೆ. ಮಸ್ಕಿಯದರಲ್ಲಿ ‘ಅಶೋಕ’ ಎಂಬ ಹೆಸರೂ ಇದೆ ಅನ್ನೋದು ನಮಗೆಲ್ಲ ಹೈಸ್ಕೂಲಿನಲ್ಲಿ ಬಾಯಿಪಾಠ. ದೆಹಲಿಯ ಬಂಡೆಗೆ ಕಬ್ಬಿಣದ ಬೇಲಿ ಇದೆ, ಓದುವವರು ಕಡಿಮೆ.

ಈಗ ಗೊಂಪಾ ಅಂದರೇನು ಅನ್ನುವುದನ್ನು ಹೇಳಿಬಿಡಬೇಕು. ಅದು ಟಿಬೆಟನ್ ಭಾಷೆಯ ಮಾತು, ಊರಿನಿಂದ ಸ್ವಲ್ಪ ದೂರದ ಏಕಾಂತದ ಜಾಗ ಎಂಬ ಅರ್ಥದ್ದು. ಹೆಸರು ಏಕಾಂತವಾದರೂ ಒಳಗೆ ಒಂದು ಸಣ್ಣ ಊರೇ ಇರುತ್ತದೆ. ದುಖಾಂಗ್ ಎಂದರೆ ಎಲ್ಲರೂ ಸೇರಿ ಪಠಣ ಮಾಡುವ ದೊಡ್ಡ ಹಜಾರ. ಲ್ಹಾಖಾಂಗ್ ಎಂದರೆ ದೇವರ ಮನೆ. ಗೊನ್‌ಖಾಂಗ್ ಎಂಬ ಕತ್ತಲೆ ಕೋಣೆಯಲ್ಲಿ ಕಾವಲು ದೇವತೆಗಳು. ಅದಕ್ಕೆ ಎಲ್ಲರನ್ನೂ ಬಿಡುವುದಿಲ್ಲ. ಹೊರಗೆ ಚೋರ್ಟೆನ್, ಅಂದರೆ ನಮ್ಮ ಸ್ತೂಪ. ಎಲ್ಲದಕ್ಕೂ ಬಲಕ್ಕೇ ಸುತ್ತು ಬರಬೇಕು, ಅದಂತೂ ನಮಗೆ ಹೇಳಿಕೊಡಬೇಕಾಗಿಲ್ಲ. ಸುತ್ತ ಭಿಕ್ಷುಗಳ ಕೋಣೆಗಳು, ಅಡಿಗೆ ಮನೆ, ಕಣಜ. ನನಗೆ ಬೇಕಾದದ್ದು ಈ ಕೊನೆಯ ಎರಡು. ಟಿಬೆಟನ್ ಬೌದ್ಧರಲ್ಲಿ ನಾಲ್ಕು ದೊಡ್ಡ ಪಂಥಗಳು: ನ್ಯಿಂಗ್ಮಾ, ಕಗ್ಯು, ಸಾಕ್ಯ, ಗೆಲುಗ್. ಸ್ಪಿತಿಯ ತಾಬೋ, ಢಂಖರ್, ಕೀ ಗೊಂಪಾಗಳು ಗೆಲುಗ್ ಪಂಥದವು, ಕೋಮಿಕ್ ಸಾಕ್ಯರದು, ಪಿನ್ ಕಣಿವೆಯ ಕುಂಗ್ರಿ ನ್ಯಿಂಗ್ಮಾದವರದು. ಬೈಲಕುಪ್ಪೆಯಲ್ಲಿ ನಾವು ‘ಗೋಲ್ಡನ್ ಟೆಂಪಲ್’ ಅನ್ನುವ ನಾಮ್‌ಡ್ರೋಲಿಂಗ್ ಕೂಡ ನ್ಯಿಂಗ್ಮಾ. ಹುಣಸೂರಿನ ಕಡೆಯವಳಾದ ನಾನು ಚಿಕ್ಕಂದಿನಿಂದ ಅಲ್ಲಿಗೆ ಎಷ್ಟು ಸಲ ಹೋಗಿದ್ದೇನೋ. ನಮಗೆ ಅದು ಪಿಕ್‌ನಿಕ್ ಜಾಗ.

ಪ್ರಯಾಣವನ್ನು ಬೇಗ ಮುಗಿಸುತ್ತೇನೆ. ಕಾಶ್ಮೀರಿ ಗೇಟಿನಿಂದ ರಾತ್ರಿ ಬಸ್ಸು, ಬೆಳಿಗ್ಗೆ ಶಿಮ್ಲಾ. ಅಲ್ಲಿಂದ ಸತ್ಲೆಜ್ ನದಿಯ ಅಂಚಿನಲ್ಲಿ ಒಂದಿಡೀ ದಿನ ರಿಕಾಂಗ್ ಪಿಯೋ ತನಕ. ಮಾರನೆಯ ದಿನ ಸ್ಪಿತಿ ನದಿ ಸತ್ಲೆಜನ್ನು ಸೇರುವ ಜಾಗ ದಾಟಿದ ಮೇಲೆ ಮರಗಳು ನಿಂತುಹೋಗುತ್ತವೆ. ಬೆಟ್ಟ, ಮಣ್ಣು, ಆಕಾಶ ಅಷ್ಟೆ. ಮಳೆಗಾಲದ ಮೋಡಗಳನ್ನು ಹಿಂದಿನ ಪರ್ವತಗಳೇ ತಡೆದುಬಿಡುತ್ತವೆ, ಆದ್ದರಿಂದ ಅದು ಮಳೆ ನೆರಳಿನ ಸೀಮೆ. ನೀರು ಕರಗಿದ ಹಿಮದ್ದು. ಕಾಲುವೆಯಲ್ಲಿ ಹರಿದು ಬಂದಷ್ಟೇ ಹೊಲ. ಹೊಲ ಹೆಚ್ಚಿಸೋಣ ಅಂದರೆ ಆಗುವುದಿಲ್ಲ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಇಡೀ ಲೆಕ್ಕ ನಿಂತಿರುವುದು ಇದರ ಮೇಲೆ.

ತಾಬೋ ಸಮುದ್ರಮಟ್ಟದಿಂದ ಸುಮಾರು ೩,೦೦೦ ಮೀಟರ್ ಎತ್ತರದಲ್ಲಿದೆ. ಹೊರಗಿನಿಂದ ನೋಡಿದರೆ ನಮ್ಮೂರ ಕಡೆಯ ಹಳೇ ಮಣ್ಣಿನ ಕಣಜಗಳನ್ನು ಸಾಲಾಗಿ ಇಟ್ಟ ಹಾಗೆ. ಗೋಪುರವಿಲ್ಲ, ಕೆತ್ತನೆಯಿಲ್ಲ. ಬಾಗಿ ಒಳಗೆ ಹೋದ ಮೇಲೆ ಒಂದು ನಿಮಿಷ ಏನೂ ಕಾಣುವುದಿಲ್ಲ. ಆಮೇಲೆ ಗೋಡೆಯಿಂದ ಒಬ್ಬೊಬ್ಬರೇ ಹೊರಬರುತ್ತಾರೆ. ಮನುಷ್ಯರಷ್ಟೇ ಗಾತ್ರದ, ಮೂವತ್ತಕ್ಕೂ ಹೆಚ್ಚು ಗಾರೆ ಮೂರ್ತಿಗಳು ತಲೆಯ ಮಟ್ಟಕ್ಕಿಂತ ಮೇಲೆ ಗೋಡೆಗೆ ಕೂತಿವೆ. ನಡುವೆ ನಾಲ್ಕು ದಿಕ್ಕಿಗೂ ಮುಖ ಮಾಡಿ, ಬೆನ್ನಿಗೆ ಬೆನ್ನು ಕೊಟ್ಟು ಕುಳಿತ ವೈರೋಚನ ಬುದ್ಧ. ಅಂದರೆ ಆ ಕೋಣೆಯೇ ಒಂದು ಮಂಡಲ. ನಾವು ಚಿತ್ರದ ಮುಂದೆ ನಿಂತಿಲ್ಲ, ಚಿತ್ರದೊಳಗೆ ನಿಂತಿದ್ದೇವೆ. ನೂರಾರು ಪುಟ ಓದಿಯೂ ಹತ್ತದ ಮಾತು ಅಲ್ಲಿ ನಿಂತರೆ ಹತ್ತುತ್ತದೆ.

ಇದನ್ನು ಕಟ್ಟಿಸಿದವನು ಗುಗೆ ರಾಜ್ಯದ ದೊರೆ ಯೇಶೆ-ಓ. ರಾಜನಾಗಿದ್ದೂ ಭಿಕ್ಷುವಾದವನು. ೪೬ ವರ್ಷದ ನಂತರ, ೧೦೪೨ರಲ್ಲಿ, ಅವನ ವಂಶದವನೇ ಆದ ಜಂಗ್‌ಚುಬ್-ಓ ಜೀರ್ಣೋದ್ಧಾರ ಮಾಡಿಸಿದ. ಆ ಶಾಸನ ಗೋಡೆಯ ಮೇಲೇ ಇದೆ. ಯೇಶೆ-ಓ ೨೧ ಹುಡುಗರನ್ನು ಸಂಸ್ಕೃತ ಕಲಿಯಲು ಕಾಶ್ಮೀರಕ್ಕೆ ಕಳಿಸಿದನಂತೆ. ಸೆಖೆ ತಾಳದೆ, ಜ್ವರ ಬಂದು ೧೯ ಜನ ಸತ್ತರು, ತಿರುಗಿ ಬಂದವರು ಇಬ್ಬರೇ ಎಂದು ಅವರ ಸಂಪ್ರದಾಯ ಹೇಳುತ್ತದೆ. ಆ ಇಬ್ಬರಲ್ಲಿ ಒಬ್ಬ ರಿಂಚೆನ್ ಝಂಗ್ಪೊ (೯೫೮-೧೦೫೫), ದೊಡ್ಡ ಅನುವಾದಕ. ನಮ್ಮ ಕಡೆ ಮೂಲವೇ ಕಳೆದುಹೋದ ಎಷ್ಟೋ ಸಂಸ್ಕೃತ ಗ್ರಂಥಗಳು ಟಿಬೆಟನ್ ಭಾಷೆಯಲ್ಲಿ ಉಳಿದಿರುವುದು ಇಂಥವರ ದೆಸೆಯಿಂದ. ಗುಗೆ ದೊರೆಯ ಈ ಖರ್ಚನ್ನು ಯಾವ ಕಾಲಂನಲ್ಲಿ ಬರೆಯೋಣ? ಇಪ್ಪತ್ತೊಂದು ಮಕ್ಕಳು ಹೋಗಿ ಇಬ್ಬರು ಬಂದರು.

ಮೂರ್ತಿಗಳ ಕೆಳಗೆ, ನಮ್ಮ ಕಣ್ಣಿನ ಮಟ್ಟಕ್ಕೆ, ಕಥೆಯ ಚಿತ್ರಗಳಿವೆ. ಒಂದು ಗೋಡೆಯಲ್ಲಿ ಬುದ್ಧನ ಜೀವನ. ಇನ್ನೊಂದರಲ್ಲಿ ಸುಧನನ ಯಾತ್ರೆ. ಇದು ಗಂಡವ್ಯೂಹ ಎಂಬ ಮಹಾಯಾನ ಸೂತ್ರದ ಕಥೆ. ಸುಧನ ಒಬ್ಬ ಸೆಟ್ಟಿಯ ಮಗ. ಜ್ಞಾನ ಬೇಕು ಅಂತ ಹೊರಟು ಐವತ್ತಕ್ಕೂ ಹೆಚ್ಚು ಗುರುಗಳನ್ನು ಹುಡುಕಿಕೊಂಡು ಹೋಗುತ್ತಾನೆ. ಆ ಗುರುಗಳು ಬರೀ ಭಿಕ್ಷುಗಳಲ್ಲ; ವ್ಯಾಪಾರಿ, ನಾವಿಕ, ಗಂಧದ ಅಂಗಡಿಯವನು, ಲೆಕ್ಕ ಹೇಳಿಕೊಡುವ ಹುಡುಗ, ಭಿಕ್ಷುಣಿ, ವೇಶ್ಯೆ, ರಾಣಿ ಎಲ್ಲರೂ ಇದ್ದಾರೆ. ಒಟ್ಟಿನಲ್ಲಿ ಅಧ್ಯಯನ ಪ್ರವಾಸ ಹೊರಟ ಕಾಮರ್ಸು ಹುಡುಗ. ಅಕ್ಕ ಟಾರ್ಚು ಬಿಟ್ಟು ಒಂದೊಂದೇ ದೃಶ್ಯ ತೋರಿಸುತ್ತಾ, ‘ಇವನು ದ್ರಾವಿಡ ದೇಶದಲ್ಲಿ ಮೇಘ ಎಂಬುವನನ್ನು ಕಾಣುತ್ತಾನೆ, ಅವನು ವನವಾಸಿ ಎಂಬ ನಾಡಿಗೆ ಹೋಗಿ ಮುಕ್ತಕನೆಂಬ ಸೆಟ್ಟಿಯನ್ನು ಕೇಳು ಅನ್ನುತ್ತಾನೆ’ ಅಂದರು. ವನವಾಸಿ! ಅದು ಬನವಾಸಿಯೋ ಇನ್ಯಾವ ಕಾಡುಸೀಮೆಯೋ, ಚರ್ಚೆಯನ್ನು ವಿದ್ವಾಂಸರು ಮಾಡಲಿ. ನನಗಂತೂ ಮೈ ಜುಮ್ಮೆಂದಿತು. ಯಾಕೆ ಅನ್ನೋದು ಮುಂದೆ ತಿಳಿಯುತ್ತದೆ.

ಸರಿ, ರಾಜ ಕಟ್ಟಿಸಿದ. ರಾಜರು ನಮ್ಮಲ್ಲೂ ಕಟ್ಟಿಸಿದರು. ಗುಗೆ ರಾಜ್ಯ ೧೬೩೦ರಲ್ಲಿ ಲಡಾಖಿನವರ ಕೈಗೆ ಬಿದ್ದು ಮುಗಿದೇ ಹೋಯಿತು. ಆಮೇಲೆ ಯಾರು ಸಾಕಿದರು? ಇದನ್ನು ನಾನು ಗೊಂಪಾದಲ್ಲಿ ಅಲ್ಲ, ಊರಿನ ಅಡಿಗೆಮನೆಗಳಲ್ಲಿ ಕೇಳಿ ತಿಳಿದುಕೊಂಡೆ.

ಸ್ಪಿತಿಯ ಪದ್ಧತಿ ಹೀಗೆ. ಮನೆ ಮತ್ತು ಹೊಲ ಪೂರ್ತಿ ಹಿರಿಯ ಮಗನಿಗೆ. ಪಾಲು ಮಾಡುವ ಹಾಗೇ ಇಲ್ಲ. ಹಿರಿಯ ಮಗನಿಗೆ ಮದುವೆಯಾಗಿ ಸಂಸಾರ ನೆಲೆಗೊಂಡ ಮೇಲೆ ಅಪ್ಪ ಅಮ್ಮ ‘ದೊಡ್ಡ ಮನೆ’ ಬಿಟ್ಟು ಪಕ್ಕದ ‘ಚಿಕ್ಕ ಮನೆ’ಗೆ ಹೋಗುತ್ತಾರೆ. ಕಿರಿಯ ಗಂಡುಮಕ್ಕಳನ್ನು ಏಳೆಂಟು ವರ್ಷಕ್ಕೇ ಗೊಂಪಾಕ್ಕೆ ಕೊಡುತ್ತಿದ್ದರು. ಕೊಟ್ಟು ಕೈತೊಳೆದುಕೊಂಡರು ಅಂತಲ್ಲ. ಆ ಹುಡುಗನ ಕೋಣೆ ಅವನ ಮನೆತನದ್ದು. ಚಿಕ್ಕಪ್ಪ ಭಿಕ್ಷುವಿನಿಂದ ಅಣ್ಣನ ಮಗ ಭಿಕ್ಷುವಿಗೆ ಅದು ಬರುತ್ತದೆ. ಅವನ ಹಿಟ್ಟು ಮನೆಯಿಂದ ಹೋಗಬೇಕು. ಕೆಲವು ಕಡೆ ಭಿಕ್ಷುವಾದ ಮಗನ ಹೆಸರಿಗೆ ಒಂದು ತುಂಡು ಹೊಲವನ್ನೇ ಬಿಡುತ್ತಿದ್ದರು. ಇದರ ಮೇಲೆ ಊರಿನ ಬಾರ್ಲಿಯಲ್ಲಿ ಗೊಂಪಾಕ್ಕೆ ಒಂದು ಪಾಲು.

ಇದನ್ನು ಡೆಬಿಟ್-ಕ್ರೆಡಿಟ್ ಮಾಡಿ ನೋಡಿ. ಕಾಲುವೆ ನೀರಿನ ಹೊಲ ಬೆಳೆಯುವುದಿಲ್ಲ ಅಂತ ಆಗಲೇ ಹೇಳಿದೆ. ಮೂರು ಮಕ್ಕಳಿಗೆ ಹಂಚಿದರೆ ಎರಡು ತಲೆಮಾರಿಗೆ ಎಲ್ಲರೂ ಉಪವಾಸ. ಆದ್ದರಿಂದ ಹೊಲ ಒಬ್ಬನಿಗೆ, ಉಳಿದವರು ಮದುವೆಯಿಲ್ಲದ ಗೊಂಪಾಕ್ಕೆ. ಜನಸಂಖ್ಯೆ ಹೊಲದ ಅಳತೆಯಲ್ಲೇ ನಿಲ್ಲುತ್ತದೆ. ಪ್ರತಿಯಾಗಿ ಗೊಂಪಾ ಆ ಹುಡುಗನಿಗೆ ಅಕ್ಷರ ಕೊಡುತ್ತದೆ, ಊರಿಗೆ ಪೂಜೆ, ವೈದ್ಯ, ಪಂಚಾಂಗ, ಸಾವಿನ ಹೊತ್ತಿಗೆ ಓದುವವರನ್ನು ಕೊಡುತ್ತದೆ. ಹಾಗಾಗಿ ಊರಿನಲ್ಲಿ ಗೊಂಪಾ ‘ಅವರದು’ ಅನ್ನುವ ಮನೆಯೇ ಇರಲಿಲ್ಲ. ಪ್ರತಿ ಮನೆಯ ಒಬ್ಬ ಒಳಗಿದ್ದಾನೆ, ಪ್ರತಿ ಮನೆಯ ಒಂದು ಚೀಲ ಹಿಟ್ಟು ಒಳಗಿದೆ. ನಮ್ಮ ಡಂಬಳದಲ್ಲಿ ದಾನ ಕೊಟ್ಟವರು ಹದಿನಾರು ಜನ ಮತ್ತೊಬ್ಬ ಸೆಟ್ಟಿ. ಆ ಮನೆತನಗಳ ವ್ಯಾಪಾರ ಇಳಿದಾಗ, ಇಲ್ಲವೇ ಅವರ ಮೊಮ್ಮಕ್ಕಳು ಬೇರೆ ದೇವರಿಗೆ ನಡೆದುಕೊಂಡಾಗ, ವಿಹಾರದ ಪಾಲಿಗೆ ಯಾರಿದ್ದಾರೆ? ಹದಿನಾರು ಹೆಸರುಗಳ ಮೇಲೆ ನಿಂತದ್ದು ಬೀಳಲು ಹದಿನಾರು ಮನೆ ಮನಸ್ಸು ಬದಲಾಯಿಸಿದರೆ ಸಾಕು. ಇತಿಹಾಸದವರು ಇದಕ್ಕೆ ಶೈವ ಮತ, ವೀರಶೈವ ಚಳುವಳಿ, ರಾಜಾಶ್ರಯ ಅಂತ ಬೇರೆ ಕಾರಣಗಳನ್ನೂ ಸೇರಿಸುತ್ತಾರೆ, ಬೇಡ ಅನ್ನುವುದಿಲ್ಲ. ಆದರೂ ಹಣ ಕೊಟ್ಟವರ ಗುಡಿಗಿಂತ ಮಗನನ್ನು ಕೊಟ್ಟವರ ಗುಡಿ ಹೆಚ್ಚು ಕಾಲ ನಡೆಯಿತು ಅನ್ನೋದು ನನ್ನ ಲೆಕ್ಕ. ಅಕ್ಕ ಇದನ್ನು ಒಪ್ಪಲಿಲ್ಲ. ‘ಅರ್ಧ ಸರಿ’ ಅಂದರು. ಆ ಅರ್ಧ ನನಗೆ ಸಾಕು.

ಇಲ್ಲಿ ನನಗೊಂದು ತಕರಾರು. ಹಿರಿಯ ಮಗನಿಗೆ ಹೊಲ, ಕಿರಿಯ ಮಗನಿಗೆ ಗೊಂಪಾ, ಮಗಳಿಗೆ? ಮದುವೆಯಾದವಳು ಹೋದಳು. ಆಗದವಳು ಮನೆಯಲ್ಲೇ ಉಳಿದು ಹೊಲದ ಕೆಲಸ ಮಾಡಿದಳು, ಕೆಲವರು ತಲೆ ಬೋಳಿಸಿಕೊಂಡು ಭಿಕ್ಷುಣಿಯಾದರೂ ದುಡಿದದ್ದು ಅಣ್ಣನ ಹೊಲದಲ್ಲೇ. ನಾವು ಮರ್ಕಂಟೈಲ್ ಲಾ ಪುಸ್ತಕದ ಆಚೆ ಸ್ವಲ್ಪ ಓದಿದರೆ ಗೊತ್ತಾಗುತ್ತದೆ: ೧೯೫೬ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬೌದ್ಧರಿಗೂ ಅನ್ವಯಿಸುತ್ತದೆ, ಆದರೆ ಕೇಂದ್ರ ಸರ್ಕಾರ ಬೇರೆ ಪ್ರಕಟಣೆ ಹೊರಡಿಸದ ಹೊರತು ಪರಿಶಿಷ್ಟ ಪಂಗಡಗಳಿಗೆ ಅನ್ವಯಿಸುವುದಿಲ್ಲ. ಸ್ಪಿತಿಯವರು ಪರಿಶಿಷ್ಟ ಪಂಗಡದವರು. ಚೆನ್ನಾಗಿ ಉಳಿದುಕೊಂಡು ಬಂತು ಅಂತ ನಾವು ಹೊಗಳುವ ಪದ್ಧತಿಯ ಬ್ಯಾಲೆನ್ಸ್ ಶೀಟಿನಲ್ಲಿ ಈ ಹೆಣ್ಣುಮಕ್ಕಳ ಕೂಲಿ ಎಲ್ಲೂ ಬರೆದಿಲ್ಲ. ಹಿಟ್ಟಿನ ಚೀಲ ತುಂಬಿಸಿದವರು ಅವರು.

ಈಗ ವನವಾಸಿಗೆ ಬರೋಣ. ತಾಬೋದ ಎರಡನೆಯ ದಿನ ಅಂಗಳದಲ್ಲಿ ಕುಳಿತು ನಾನೂ ನಮ್ಮ ಗುಂಪಿನ ಇನ್ನೊಬ್ಬ ಕನ್ನಡದವಳೂ ಮಾತಾಡುತ್ತಿದ್ದೆವು. ಹಿಂದಿನಿಂದ ಒಂದು ದನಿ: ‘ಯಾವೂರ್ರೀ ನಿಮ್ಮದು?’ ತಿರುಗಿ ನೋಡಿದರೆ ಐವತ್ತರ ಹತ್ತಿರದ ಒಬ್ಬ ಭಿಕ್ಷು, ಕೈಯಲ್ಲಿ ಚಹಾದ ಕೆಟಲ್ಲು. ನಾನು ಹುಣಸೂರು ಅಂದೆ. ‘ಹುಣಸೂರಿನ್ಯಾಗ ನಮ್ಮ ಗ್ಯುಮೆ ಮಠ ಐತಲ್ರೀ, ಗುರುಪುರದಾಗ’ ಅಂದರು. ಅವರು ಹುಟ್ಟಿದ್ದು ತಾಬೋದ ಆಚೆಯ ಹಳ್ಳಿ. ಹತ್ತನೆಯ ವಯಸ್ಸಿಗೆ ಮುಂಡಗೋಡಿಗೆ ಹೋಗಿ, ಅಲ್ಲೇ ಇಪ್ಪತ್ತು ವರ್ಷಕ್ಕೂ ಹೆಚ್ಚು ಓದಿದವರು. ನನ್ನ ಮೈಸೂರು ಕಡೆಯ ಕನ್ನಡ ಅವರಿಗೆ ನಗು ತರಿಸಿತು, ಅವರ ಧಾರವಾಡ ಸೀಮೆಯ ಕನ್ನಡ ನನಗೆ. ಮೊದಲ ವರ್ಷ ಮುಂಡಗೋಡಿನ ಮಳೆ ಕಂಡು ಅತ್ತರಂತೆ. ಅವರ ಊರಿನಲ್ಲಿ ಅಷ್ಟು ನೀರು ಮೇಲಿನಿಂದ ಬಿದ್ದದ್ದೇ ಇಲ್ಲ. ಈಗ ಮಾತ್ರ ಚಳಿಗಾಲದಲ್ಲಿ ಸಂತೆಯ ರೊಟ್ಟಿ, ಶೇಂಗಾ ಚಟ್ನಿ ನೆನಪಾಗುತ್ತದಂತೆ. ಮುಂಡಗೋಡಿನ ಪಕ್ಕದ ತಾಲೂಕೇ ಶಿರಸಿ. ಬನವಾಸಿ ಇರುವುದು ಅಲ್ಲಿ. ಗೋಡೆಯ ಮೇಲಿನ ಸುಧನ ಒಂದು ಸಾವಿರ ವರ್ಷದಿಂದ ವನವಾಸಿಗೆ ಹೊರಟಿದ್ದಾನೆ, ಇವರು ಹೋಗಿ ಓದಿಕೊಂಡೂ ಬಂದರು.

ಇದು ಒಬ್ಬರ ಕಥೆಯಲ್ಲ. ಹಿಂದೆ ಸ್ಪಿತಿ, ಕಿನ್ನೌರ, ಲಡಾಖಿನ ಹುಡುಗರು ಊರಿನ ಗೊಂಪಾದಲ್ಲಿ ಅಕ್ಷರ ಕಲಿತು, ಹೆಚ್ಚಿನ ವಿದ್ಯೆಗೆ ಪರ್ವತ ದಾಟಿ ಟಿಬೆಟ್ಟಿನ ಮಹಾವಿಹಾರಗಳಿಗೆ ಹೋಗುತ್ತಿದ್ದರು. ಲ್ಹಾಸಾ ಬಳಿಯ ಗಂದೆನ್ (೧೪೦೯), ಡ್ರೆಪುಂಗ್ (೧೪೧೬), ಸೆರಾ (೧೪೧೯). ಶಿಗಾತ್ಸೆಯ ತಾಶಿ ಲ್ಹುನ್ಪೊ (೧೪೪೭). ಅವು ಒಂದು ಥರ ವಿಶ್ವವಿದ್ಯಾಲಯಗಳು. ೧೯೫೯ರಲ್ಲಿ ದಲೈ ಲಾಮಾ ಭಾರತಕ್ಕೆ ಬಂದ ಮೇಲೆ ಆ ದಾರಿ ಮುಚ್ಚಿತು. ತಪ್ಪಿಸಿಕೊಂಡು ಬಂದ ಭಿಕ್ಷುಗಳನ್ನು ಪಶ್ಚಿಮ ಬಂಗಾಳದ ಬಕ್ಸಾ ಎಂಬಲ್ಲಿ, ಬ್ರಿಟಿಷರ ಕಾಲದ ಒಂದು ಹಳೇ ಜೈಲು-ಕೋಟೆಯಲ್ಲಿ ಇಟ್ಟರು. ಸುಮಾರು ಹತ್ತು ವರ್ಷ ಅಲ್ಲೇ ಓದು, ಅಲ್ಲೇ ತರ್ಕ. ಸೆಖೆಗೆ, ಕ್ಷಯಕ್ಕೆ ಅನೇಕರು ಹೋದರು. ಕಾಶ್ಮೀರಕ್ಕೆ ಹೋದ ಆ ೧೯ ಹುಡುಗರು ನನಗೆ ಇಲ್ಲಿ ಮತ್ತೆ ನೆನಪಾದರು.

ಅಷ್ಟರಲ್ಲಿ ಆಗಿನ ಮೈಸೂರು ಸರ್ಕಾರ ಟಿಬೆಟನ್ ನಿರಾಶ್ರಿತರಿಗೆ ಬೈಲಕುಪ್ಪೆಯಲ್ಲಿ ಜಾಗ ಕೊಟ್ಟಿತ್ತು. ಅಲ್ಲಿನ ಮೊದಲ ವಸತಿ ೧೯೬೦-೬೧ರದು. ಮುಂಡಗೋಡಿನದು ೧೯೬೬ರದು. ೧೯೭೦ರ ಸುಮಾರಿಗೆ ಬಕ್ಸಾದ ಭಿಕ್ಷುಗಳು ಬಂದು ಡ್ರೆಪುಂಗ್ ಮತ್ತು ಗಂದೆನನ್ನು ಮುಂಡಗೋಡಿನಲ್ಲಿ, ಸೆರಾವನ್ನು ಬೈಲಕುಪ್ಪೆಯಲ್ಲಿ ಮತ್ತೆ ಕಟ್ಟಿದರು. ೧೯೭೨ರಲ್ಲಿ ತಾಶಿ ಲ್ಹುನ್ಪೊ ಕೂಡ ಬೈಲಕುಪ್ಪೆಗೇ ಬಂತು. ಕಾಡು ಕಡಿದು, ಮೆಕ್ಕೆಜೋಳ ಬಿತ್ತಿ, ಹಗಲು ಉಳುಮೆ ರಾತ್ರಿ ಓದು. ಹೀಗೆ ಟಿಬೆಟ್ಟಿನ ವಿಶ್ವವಿದ್ಯಾಲಯಗಳು ನಮ್ಮ ಎರಡು ಜಿಲ್ಲೆಗಳಿಗೆ ಬಂದು ಕುಳಿತವು. ಉತ್ತರಕ್ಕೆ ಹೋಗುತ್ತಿದ್ದ ಸ್ಪಿತಿಯ ಹುಡುಗರು ದಕ್ಷಿಣಕ್ಕೆ ತಿರುಗಿದರು. ನಾವು ಬೌದ್ಧ ಧರ್ಮ ನೋಡೋಕೆ ಬೆಟ್ಟಕ್ಕೆ ಹೋದರೆ, ಬೆಟ್ಟದವರು ಅದನ್ನು ಓದೋಕೆ ನಮ್ಮೂರಿಗೆ ಬರುತ್ತಾರೆ.

ಓದು ಅಂದರೆ ಸಾಮಾನ್ಯದ್ದಲ್ಲ. ಗೆಶೆ ಎಂಬ ಪದವಿಗೆ ಹದಿನೈದು-ಇಪ್ಪತ್ತು ವರ್ಷ ಬೇಕು. ಪ್ರಮಾಣ ಅಂದರೆ ತರ್ಕ, ಪ್ರಜ್ಞಾಪಾರಮಿತಾ, ಮಾಧ್ಯಮಿಕ, ಅಭಿಧರ್ಮ, ವಿನಯ ಎಂದು ಐದು ವಿಷಯ. ಪಠ್ಯಗಳು ನಾಗಾರ್ಜುನ, ವಸುಬಂಧು, ಧರ್ಮಕೀರ್ತಿ, ಚಂದ್ರಕೀರ್ತಿಯರವು, ಎಲ್ಲ ನಮ್ಮ ದೇಶದವರೇ. ಪರೀಕ್ಷೆ ಎಂದರೆ ವಾದ. ಉತ್ತರ ಹೇಳುವವನು ನೆಲದ ಮೇಲೆ ಕೂತಿರುತ್ತಾನೆ. ಪ್ರಶ್ನೆ ಕೇಳುವವನು ಎದುರಿಗೆ ನಿಂತು, ಪ್ರಶ್ನೆ ಮುಗಿಯುವ ಗಳಿಗೆಗೆ ಕಾಲು ಅಪ್ಪಳಿಸಿ, ಎರಡು ಕೈ ತಟ್ಟುತ್ತಾನೆ. ಕೂತವನು ತಡಮಾಡುವಂತಿಲ್ಲ. ಒಪ್ಪಿದೆಯೋ, ಕಾರಣ ಸಿದ್ಧವಾಗಿಲ್ಲ ಅನ್ನುತ್ತೀಯೋ, ವ್ಯಾಪ್ತಿ ಇಲ್ಲ ಅನ್ನುತ್ತೀಯೋ, ಮೂರರಲ್ಲೊಂದು ಹೇಳಬೇಕು. ಗೈಡು ಓದಿ ಪಾಸಾಗುವ ನಮ್ಮಂಥವರನ್ನು ಅಲ್ಲಿ ಐದು ನಿಮಿಷ ಕೂರಿಸಿದರೆ ಸಾಕು.

ಹೆಣ್ಣುಮಕ್ಕಳಿಗೆ ಈ ಪದವಿ ಇರಲೇ ಇಲ್ಲ. ೨೦೧೬ರ ಡಿಸೆಂಬರಿನಲ್ಲಿ ಮೊದಲ ಸಲ ೨೦ ಜನ ಭಿಕ್ಷುಣಿಯರು ‘ಗೆಶೆಮಾ’ ಪದವಿ ಪಡೆದರು. ದಲೈ ಲಾಮಾ ಅದನ್ನು ಕೊಟ್ಟದ್ದು ಮುಂಡಗೋಡಿನಲ್ಲಿ. ಕರ್ನಾಟಕದ ನೆಲದಲ್ಲಿ ಇಂಥದ್ದೊಂದು ನಡೆಯಿತು ಅಂತ ನಮ್ಮ ಹಾಸ್ಟೆಲಿನಲ್ಲಿ ಹೇಳಿದಾಗ ಒಬ್ಬಳಿಗೂ ಗೊತ್ತಿರಲಿಲ್ಲ. ಅಣ್ಣನ ಹೊಲದಲ್ಲಿ ದುಡಿದ ಭಿಕ್ಷುಣಿಯರ ಬಗ್ಗೆ ಬರೆದೆನಲ್ಲ, ಸ್ಪಿತಿಯಲ್ಲಿ ಈಗ ಅವರಿಗೆ ಬೇರೆ ಆಶ್ರಮಗಳಿವೆ, ಓದುತ್ತಿದ್ದಾರೆ. ಒಬ್ಬಳು ಹುಡುಗಿ, ನನಗಿಂತ ಚಿಕ್ಕವಳು, ‘ನಿನಗೆ ಎಷ್ಟು ವರ್ಷದ ಕೋರ್ಸು?’ ಅಂತ ನನ್ನನ್ನು ಕೇಳಿದಳು. ಬಿ.ಕಾಂ. ಮೂರೇ ವರ್ಷಕ್ಕೆ ಮುಗಿಯುತ್ತದೆ ಅಂದಾಗ ಅವಳಿಗೆ ನನ್ನ ಮೇಲೆ ಸ್ವಲ್ಪ ಕನಿಕರ ಬಂದ ಹಾಗೆ ಕಂಡಿತು.

ಇನ್ನು ಖರ್ಚಿನ ಬಾಬು. ಈಗ ಸ್ಪಿತಿಯಲ್ಲಿ ಬಾರ್ಲಿಗಿಂತ ಹಸಿ ಬಟಾಣಿ ಮುಖ್ಯ. ನಮ್ಮಲ್ಲಿ ಬಟಾಣಿ ಇಲ್ಲದ ಆಗಸ್ಟ್-ಸೆಪ್ಟೆಂಬರಿನಲ್ಲಿ ಅಲ್ಲಿ ಕೊಯ್ಲು. ಲಾರಿಗಳು ದೆಹಲಿಯ ಮಂಡಿಗೆ ಓಡುತ್ತವೆ. ಮುನಿರ್ಕಾದ ತಳ್ಳುಗಾಡಿಯಲ್ಲಿ ಚಿಕ್ಕಮ್ಮ ಚೌಕಾಶಿ ಮಾಡುವ ಬಟಾಣಿಯಲ್ಲಿ ಅದೂ ಇದ್ದೀತು. ೨೦೨೦ರ ಅಕ್ಟೋಬರಿನಲ್ಲಿ ೯ ಕಿಲೋಮೀಟರಿನ ಅಟಲ್ ಸುರಂಗ ತೆರೆದ ಮೇಲೆ ಮನಾಲಿ ಕಡೆಯಿಂದ ಪ್ರವಾಸಿಗರು ತುಂಬಿದ್ದಾರೆ. ಗೊಂಪಾಗಳು ವಸತಿಗೃಹ ನಡೆಸುತ್ತವೆ. ತಾಬೋದಲ್ಲಿ ನಾವು ಉಳಿದದ್ದೂ ಅಂಥದ್ದರಲ್ಲೇ. ಹಣದ ಕಾಲಂ ಹಿಂದೆಂದಿಗಿಂತ ತುಂಬಿದೆ. ಖಾಲಿಯಾಗುತ್ತಿರುವುದು ಇನ್ನೊಂದು ಕಾಲಂ. ನಾನು ಹೋದ ಮನೆಗಳಲ್ಲೆಲ್ಲ ಒಂದು ಮಗು, ಹೆಚ್ಚೆಂದರೆ ಎರಡು. ಎರಡನೆಯ ಮಗನೇ ಇಲ್ಲದಿದ್ದರೆ ಗೊಂಪಾಕ್ಕೆ ಯಾರನ್ನು ಕೊಡೋದು? ಇರುವ ಒಬ್ಬ ಕಾಜಾದ ಶಾಲೆ, ಆಮೇಲೆ ಶಿಮ್ಲಾ, ಚಂಡೀಗಢ. ಅವನೂ ಓದಲಿ, ಯಾರು ಬೇಡ ಅಂದಾರು? ಮುಂಡಗೋಡಿಗೆ ಹೋದವರಲ್ಲೂ ಕೆಲವರು ಗೆಶೆಯಾಗಿ ಊರಿಗೆ ಪಾಠ ಹೇಳಲು ಬರುತ್ತಾರೆ, ಹಲವರು ಅಲ್ಲೇ ಉಳಿಯುತ್ತಾರೆ. ಕೀ ಗೊಂಪಾ ೪,೧೬೬ ಮೀಟರ್ ಎತ್ತರದಲ್ಲಿ ಗುಡ್ಡದ ನೆತ್ತಿಗೆ ಜೇನುಗೂಡಿನ ಹಾಗೆ ಕಟ್ಟಿಕೊಂಡಿದೆ. ಚಿತ್ರ ತೆಗೆದಷ್ಟೂ ಸಾಲದು. ಅಲ್ಲಿ ನಾನು ಎಣಿಸಿದ್ದು ಬೀಗ ಹಾಕಿದ ಕೋಣೆಗಳನ್ನು. ಹದಿನಾಲ್ಕರ ತನಕ ಎಣಿಸಿ ಬಿಟ್ಟೆ.

ಕಟ್ಟಡದ ಸಂಕಟ ಬೇರೆ. ೧೯೭೫ರ ಜನವರಿಯ ಕಿನ್ನೌರ ಭೂಕಂಪದಲ್ಲಿ ತಾಬೋ, ಕೀ ಎರಡಕ್ಕೂ ಪೆಟ್ಟಾಯಿತು. ತಾಬೋದಲ್ಲಿ ಹೊಸ ಸಭಾಮಂದಿರ ಕಟ್ಟಿ, ೧೯೮೩ರಲ್ಲಿ ದಲೈ ಲಾಮಾ ಬಂದು ಕಾಲಚಕ್ರ ದೀಕ್ಷೆ ಕೊಟ್ಟರು. ಸಾವಿರ ವರ್ಷ ತುಂಬಿದ ೧೯೯೬ರಲ್ಲಿ ಮತ್ತೊಮ್ಮೆ. ಸ್ಪಿತಿಯ ಹಳೇ ರಾಜಧಾನಿ ಢಂಖರ್‌ನ ಗೊಂಪಾ ಕುಸಿಯುವ ಮಣ್ಣಿನ ಕೋಡಿನ ಮೇಲಿದೆ. ೨೦೦೬ರಲ್ಲಿ ವಿಶ್ವ ಸ್ಮಾರಕ ನಿಧಿಯವರು ಅದನ್ನು ಅಪಾಯದಲ್ಲಿರುವ ೧೦೦ ತಾಣಗಳ ಪಟ್ಟಿಗೆ ಸೇರಿಸಿದರು. ಹಿಮ ತಡೆಯಲು ಕಟ್ಟಿದ ಮಣ್ಣಿನ ಚಾವಣಿಗೆ ಹಿಮ ಬಿದ್ದರೆ ಗುಡಿಸಿ ಹಾಕಬಹುದು, ಮಳೆ ಬಿದ್ದರೆ ಏನು ಗುಡಿಸೋದು? ತಾಬೋದ ಒಳಗೋಡೆಯಲ್ಲಿ ನೀರಿಳಿದ ಕಂದು ಗೆರೆಗಳಿವೆ. ಒಂದು ಗೆರೆ ಬಣ್ಣದ ಚಿತ್ರದ ಮೇಲೇ ಹಾದುಹೋಗಿದೆ. ಭಾರತೀಯ ಪುರಾತತ್ವ ಇಲಾಖೆಯ ರಕ್ಷಣೆ ಇದೆ. ಪ್ರತಿ ವರ್ಷ ಚಾವಣಿಗೆ ಮಣ್ಣು ಮೆತ್ತುವ ಕೈಗಳು ಊರಿನವೇ ಆಗಬೇಕು.

ಹೋಗಬೇಕು ಅನ್ನುವ ಮಿತ್ರರಿಗೆ ಒಂದೆರಡು ಮಾತು. ಶಿಮ್ಲಾ ಕಡೆಯಿಂದ ಹತ್ತಿ ಮನಾಲಿ ಕಡೆಗೆ ಇಳಿಯಿರಿ; ನಿಧಾನವಾಗಿ ಎತ್ತರಕ್ಕೆ ಹೋದರೆ ತಲೆ ಸುತ್ತು ಕಡಿಮೆ. ಕುಂಜುಮ್ ಕಣಿವೆದಾರಿ ಜೂನಿನಿಂದ ಅಕ್ಟೋಬರ್ ತನಕ ಮಾತ್ರ. ಮುನಿರ್ಕಾದಿಂದ ಮುನಿರ್ಕಾಕ್ಕೆ ನಮಗೆ ಹತ್ತು ದಿನ ಹಿಡಿಯಿತು. ಸರ್ಕಾರಿ ಬಸ್ಸು, ಸಾದಾ ಊಟ, ಒಬ್ಬೊಬ್ಬರಿಗೆ ಹದಿಮೂರು ಸಾವಿರ ರೂಪಾಯಿ. ದೇಗುಲದ ಒಳಗೆ ಕ್ಯಾಮೆರಾ ಇಲ್ಲ, ಒಳ್ಳೆಯ ಟಾರ್ಚು ಇರಲಿ. ಅಷ್ಟು ದುಡ್ಡು ಇಲ್ಲದವರು ಹುಬ್ಬಳ್ಳಿಗೆ ಹೋಗಿ ಮುಂಡಗೋಡಿನ ಬಸ್ಸು ಹತ್ತಿ. ಸಂಜೆ ಡ್ರೆಪುಂಗ್ ಅಂಗಳದಲ್ಲಿ ವಾದ ನಡೆಯುತ್ತಿರುತ್ತದೆ, ಚಪ್ಪಾಳೆಯ ಸದ್ದು ರಸ್ತೆಗೇ ಕೇಳುತ್ತದೆ. ಅಲ್ಲಿ ಸ್ಪಿತಿಯ ಹುಡುಗರು ಯಾರು ಅಂತ ಕೇಳಿ. ಕನ್ನಡದಲ್ಲೇ ಕೇಳಿ.